ಹಿತ್ತಲಿನ ರೈಲುದಾರಿ

ನಮ್ಮ ಮನೆಯ ಹಿತ್ತಲಿನಲ್ಲಿ ಕನಕಾಂಬರದ ಪಾತಿಯ ಬಳಿಯಿಂದ ಹೊರಟು, ನುಗ್ಗೆಮರವನ್ನು ಬಳಸಿ, ಬಾವಿಕಟ್ಟೆಯ ಪಕ್ಕದಲ್ಲಿ ಹಾದು, ಮತ್ತೆ ಹೊರಟಲ್ಲಿಗೇ ಬಂದು ಸೇರುವ ರೈಲುದಾರಿಯೊಂದಿದೆ. ಅದರ ಒಟ್ಟು ಉದ್ದ 28 ಮೀಟರು. ನೆರೆಹೊರೆಯವರು ಅದನ್ನು ಆಟಿಕೆಯೆಂದೇ ಕರೆಯುತ್ತಾರೆ, ನಾನೂ ಆಕ್ಷೇಪಿಸುವುದಿಲ್ಲ. ಆದರೆ ಈ ಆಟಿಕೆಯೊಡನೆ ಎರಡು ವರ್ಷ ಹೆಣಗಿದ ಮೇಲೆ, ತರಗತಿಯಲ್ಲಿ ಕರಿಹಲಗೆಯ ಮೇಲೆ ನಾನು ಸಲೀಸಾಗಿ ಬರೆದು ಅಳಿಸುವ ಎಷ್ಟೋ ಸೂತ್ರಗಳ ನಿಜವಾದ ಬಿಸಿ ನನಗೆ ತಟ್ಟಿದ್ದು ಇಲ್ಲಿಯೇ ಎಂದು ಒಪ್ಪಿಕೊಳ್ಳಬೇಕಾಗಿದೆ.

ತೋಟದಲ್ಲಿ ಓಡಿಸುವ ಮಾದರಿ ರೈಲುಗಳ ಹವ್ಯಾಸ ಯುರೋಪಿನಲ್ಲಿ ಹಳೆಯದು. ಇಂದು ಬಹುವಾಗಿ ಬಳಕೆಯಲ್ಲಿರುವ ಅಳತೆಯು 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಸಂಸ್ಥೆಯವರು ಹೊರತಂದ ರೈಲಿನಿಂದ ಪ್ರಚಾರಕ್ಕೆ ಬಂದಿತು. ನಿಜವಾದ ಗಾಡಿಯ ಪ್ರತಿಯೊಂದು ಉದ್ದವನ್ನೂ 22.5ರಿಂದ ಭಾಗಿಸಿದರೆ ಈ ಮಾದರಿಯ ಅಳತೆ ದೊರೆಯುತ್ತದೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಹಳಿಗಳ ನಡುವೆ 45 ಮಿಲಿಮೀಟರ್ ಅಂತರವಿರುವ ಮಾದರಿ ದಾರಿಗಳು ಅದಕ್ಕೆ ಬಹು ಹಿಂದಿನಿಂದಲೂ ಇದ್ದವು. ಒಂದು ಮೀಟರನ್ನು 22.5ರಿಂದ ಭಾಗಿಸಿ ನೋಡಿ; 44.4 ಮಿಲಿಮೀಟರ್ ಬರುತ್ತದೆ. ಎಂದರೆ ಇದು ಮೀಟರ್ ಗೇಜ್ ದಾರಿಯ ಮರಿ. ಬೆಂಗಳೂರು–ಮೈಸೂರು ದಾರಿಯು ಬ್ರಾಡ್ ಗೇಜ್ ಆಗುವ ಮೊದಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಮೀಟರ್ ಗೇಜಿನದೇ ಆಗಿತ್ತು. ನೀಲಗಿರಿಯ ಬೆಟ್ಟದ ರೈಲು ಇಂದಿಗೂ ಅದೇ ಅಗಲದ ಹಳಿಗಳ ಮೇಲೆ ಓಡುತ್ತಿದೆ. ಹೀಗಾಗಿ ನಮ್ಮ ಅಜ್ಜಂದಿರು ಕುಳಿತು ಹೋದ ಗಾಡಿಯೇ ನುಗ್ಗೆಮರವನ್ನು ಸುತ್ತುತ್ತಿದೆಯೆಂದು ಭಾವಿಸಿದರೆ ತಪ್ಪಾಗಲಾರದು.

ಉದ್ದವನ್ನೇನೋ ಕುಗ್ಗಿಸಿದೆವು, ಉಳಿದುವೆಲ್ಲ ಅದೇ ಪ್ರಮಾಣದಲ್ಲಿ ಕುಗ್ಗುತ್ತವೆಯೆ? ಇಲ್ಲ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಪ್ರಶ್ನೆಯನ್ನು ಚರ್ಚಿಸಿದ್ದಾನೆ. ಉದ್ದ 22.5 ಪಟ್ಟು ಕಡಮೆಯಾದರೆ, ಮೇಲ್ಮೈ ಅದರ ವರ್ಗದಷ್ಟು, ಎಂದರೆ ಸುಮಾರು 506 ಪಟ್ಟು ಕಡಮೆಯಾಗುತ್ತದೆ. ಗಾತ್ರವೂ ಅದರೊಡನೆ ತೂಕವೂ ಘನದಷ್ಟು, ಸುಮಾರು 11,400 ಪಟ್ಟು ಕಡಮೆಯಾಗುತ್ತವೆ. 45 ಟನ್ ತೂಗುವ ಎಂಜಿನ್ನನ್ನು ಅದೇ ಲೋಹದಲ್ಲಿ ಚಾಚೂ ತಪ್ಪದೆ ಕುಗ್ಗಿಸಿದರೆ ಅದು ಸುಮಾರು 4 ಕಿಲೋಗ್ರಾಂ ತೂಗುವುದು. ತೂಕ ಇಳಿದಷ್ಟು ಬಲ ಇಳಿಯದುದರಿಂದ ಮಾದರಿಯ ಸೇತುವೆಯು ತನ್ನ ಗಾತ್ರಕ್ಕೆ ಮೀರಿ ಗಟ್ಟಿಯಾಗಿರುತ್ತದೆ. ಆದರೆ ಹಿತ್ತಲು ಕುಗ್ಗುವುದಿಲ್ಲವಷ್ಟೆ! ಹಳಿಯ ಮೇಲೆ ಬಿದ್ದ ಒಂದು ಸೆಂಟಿಮೀಟರಿನ ಬೆಣಚುಕಲ್ಲು ಈ ಗಾಡಿಗೆ ಗೇಣೆತ್ತರದ ಬಂಡೆ. 4 ಮಿಲಿಮೀಟರಿನ ಮಳೆಹನಿ 9 ಸೆಂಟಿಮೀಟರಿನ ನೀರಿನ ಉಂಡೆ. ಬಸವನಹುಳುವಿನ ಮಾತನ್ನಂತೂ ಹೇಳದಿರುವುದೇ ಲೇಸು.

ಈ ಲೆಕ್ಕ ತಿರುವುಗಳಲ್ಲಿ ನಮಗೆ ಅನುಕೂಲವಾಗಿ ಪರಿಣಮಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ರೈಲಿಗೆ ಸರಿಯಾದ ಮಾದರಿಯ ವೇಗ ಸೆಕೆಂಡಿಗೆ ಸುಮಾರು 74 ಸೆಂಟಿಮೀಟರು. ಅದು 60 ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ ಓಡಿದರೆ ಕೇಂದ್ರಾಭಿಮುಖ ವೇಗೋತ್ಕರ್ಷವು ಗುರುತ್ವದ ಹನ್ನೊಂದರಲ್ಲೊಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಗಾಡಿ ಗಾಂಭೀರ್ಯದಿಂದ ತಿರುಗಿ ಹೋಗುತ್ತದೆ. ಅದೇ ತಿರುವನ್ನು ಹಿಗ್ಗಿಸಿದರೆ ತ್ರಿಜ್ಯ 13.5 ಮೀಟರ್ ಆಗುವುದು. ನಿಜವಾದ ರೈಲು ಅಲ್ಲಿ 60 ಕಿಲೋಮೀಟರ್ ವೇಗದಲ್ಲಿ ತಿರುಗಲು ಹೊರಟರೆ ಗುರುತ್ವದ ಎರಡರಷ್ಟನ್ನೂ ಮೀರಿದ ವೇಗೋತ್ಕರ್ಷ ಬೇಕಾಗುತ್ತದೆ. ಅದು ಉರುಳದೆ ಇರಲಾರದು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸುವ ಸೂತ್ರದಲ್ಲಿ ಎರಡನ್ನೂ 22.5ರಿಂದ ಭಾಗಿಸಿ ನೋಡಿದರೆ ಕಾರಣ ತಾನಾಗಿ ತಿಳಿಯುವುದು.

ಹಾಗೆಂದು ಇಕ್ಕಟ್ಟಾದ ತಿರುವು ಪುಕ್ಕಟೆಯಾಗಿ ದೊರೆಯುವುದಿಲ್ಲ. ರೈಲಿನ ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿಯಾಗಿ ಕೂಡಿಕೊಂಡಿವೆ. ಎತ್ತಿನಗಾಡಿಯ ಗಾಲಿಗಳಂತೆ ಬೇರೆಬೇರೆಯಾಗಿ ಉರುಳಲಾರವು. ಪೂರ್ಣ ವೃತ್ತವೊಂದರಲ್ಲಿ ಹೊರಹಳಿಯು ಒಳಹಳಿಗಿಂತ ಎಷ್ಟು ಉದ್ದ? ತ್ರಿಜ್ಯ ಎಷ್ಟೇ ಇರಲಿ, ಈ ವ್ಯತ್ಯಾಸವು 45 ಮಿಲಿಮೀಟರಿನ 2π ಪಟ್ಟು, ಎಂದರೆ ಸುಮಾರು 28 ಸೆಂಟಿಮೀಟರು. ದೊಡ್ಡ ವೃತ್ತದಲ್ಲಿ ಇದು ಉದ್ದಕ್ಕೂ ಹಂಚಿಹೋಗುತ್ತದೆ. ಚಿಕ್ಕದರಲ್ಲಿ ಒತ್ತಾಗಿ ಬರುತ್ತದೆ. 300 ಮೀಟರ್ ತ್ರಿಜ್ಯದ ನಿಜವಾದ ಮೀಟರ್ ಗೇಜ್ ತಿರುವಿನಲ್ಲಿ ವ್ಯತ್ಯಾಸ ನೂರಕ್ಕೆ ಮೂರನೆಯ ಒಂದು ಭಾಗ ಮಾತ್ರ. ಗಾಲಿಯ ಅಂಚನ್ನು ಸ್ವಲ್ಪ ಶಂಕುವಿನಂತೆ ಇಳಿಜಾರಾಗಿ ಮಾಡಿ ಅದನ್ನು ಸರಿದೂಗಿಸುತ್ತಾರೆ. ನಮ್ಮ 60 ಸೆಂಟಿಮೀಟರಿನ ತಿರುವಿನಲ್ಲಿ ಅದು ನೂರಕ್ಕೆ ಏಳೂವರೆ! ಶಂಕುವಿನಿಂದ ಇಷ್ಟು ತುಂಬಿಬರುವುದಿಲ್ಲ. ಗಾಲಿ ಜಾರಲೇಬೇಕು, ಜಾರಿದರೆ ಘರ್ಷಣೆ, ಘರ್ಷಣೆಯಿಂದ ಶಕ್ತಿಯ ನಷ್ಟ. ಆದುದರಿಂದ ಜಾಗವಿದ್ದಷ್ಟೂ ತಿರುವನ್ನು ವಿಶಾಲವಾಗಿಡಿ.

ಏರಿನ ವಿಷಯ ಬೇರೆ. ಗಾಡಿಯನ್ನು ಹಿಂದಕ್ಕೆಳೆಯುವ ಬಲವೂ, ಗಾಲಿ ಹಳಿಯನ್ನು ಕಚ್ಚಿ ಹಿಡಿಯುವ ಬಲವೂ ತೂಕದೊಡನೆಯೇ ಹೆಚ್ಚು ಕಡಮೆಯಾಗುವುದರಿಂದ ಇಲ್ಲಿ ಕುಗ್ಗಿಸುವಿಕೆಯಿಂದ ಲಾಭವಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ದಾರಿಯಲ್ಲಿ 50ಕ್ಕೆ 1ರ ಏರು ಎಂಜಿನ್ನುಗಳ ಉಸಿರು ಕಟ್ಟಿಸುವಂತೆಯೇ ಹಿತ್ತಲಿನಲ್ಲಿಯೂ ಕಟ್ಟಿಸುತ್ತದೆ. ನಾನು ಬಾವಿಕಟ್ಟೆಯ ಬಳಿ 45ಕ್ಕೆ 1ರ ಏರನ್ನೂ ಅಲ್ಲಿಯೇ ತಿರುವನ್ನೂ ಇಟ್ಟೆ. ನಾಲ್ಕು ಡಬ್ಬಿಗಳ ಗಾಡಿ ಅಲ್ಲಿಗೆ ಬಂದು, ಗಾಲಿಗಳನ್ನು ಗರಗರನೆ ತಿರುಗಿಸುತ್ತ ನಿಂತಿತು. ಕೊನೆಗೆ ಇಟ್ಟಿಗೆಚೂರು ತುಂಬಿ ತಳವನ್ನೇ ಎತ್ತರಿಸಬೇಕಾಯಿತು.

ಇದಕ್ಕಿಂತ ನಾಚಿಕೆಗೇಡಿನ ಪ್ರಸಂಗ ಇನ್ನೊಂದಿದೆ. ಡಿಸೆಂಬರ್ ತಿಂಗಳ ಚಳಿಯ ಬೆಳಗುಗಳಲ್ಲಿ 30 ಸೆಂಟಿಮೀಟರಿನ ಹಿತ್ತಾಳೆಯ ಹಳಿಗಳನ್ನು ಒಂದಕ್ಕೊಂದು ಸಂದಿಲ್ಲದಂತೆ ಒತ್ತಿ ಜೋಡಿಸಿ, ಸ್ಲೀಪರುಗಳನ್ನು ಅಲ್ಲಲ್ಲಿ ಗಾರೆಯಿಂದ ಭದ್ರಪಡಿಸಿದ್ದೆ. ಕೆಲಸ ಬಹಳ ಅಚ್ಚುಕಟ್ಟಾಗಿದೆಯೆಂದು ಹೆಮ್ಮೆಯೂ ಇತ್ತು. ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಕೆಲವು ವಿದ್ಯಾರ್ಥಿಗಳು ನೋಡಲು ಬಂದರು. ಗಾಡಿ ಎರಡನೆಯ ಸುತ್ತಿನಲ್ಲಿ ನೇರದಾರಿಗೆ ಬಂದು, ನಮ್ಮೆಲ್ಲರ ಕಣ್ಣೆದುರಿಗೇ ಹಳಿ ತಪ್ಪಿ ಬಚ್ಚಲಿನ ಮೋರಿಗೆ ಉರುಳಿತು. ನೋಡಿದರೆ, ನೇರವಾಗಿದ್ದ ದಾರಿ ಗಾರೆಯನ್ನು ಕಿತ್ತುಕೊಂಡು ನಾಲ್ಕು ಬೆರಳಷ್ಟು ಪಕ್ಕಕ್ಕೆ ಬಾಗಿ ನಿಂತಿತ್ತು. ಘನವಸ್ತುಗಳ ವಿಕಾಸದ ಪಾಠವನ್ನು ಎರಡು ತಿಂಗಳ ಹಿಂದೆಯಷ್ಟೇ ಅದೇ ಹುಡುಗರಿಗೆ ಹೇಳಿದ್ದವನು ನಾನು! ಅವರಲ್ಲಿ ಒಬ್ಬ ಹುಡುಗಿ ಏನೂ ಮಾತನಾಡದೆ ಮಣ್ಣಿನ ಮೇಲೆ ಕಡ್ಡಿಯಿಂದ ಲೆಕ್ಕ ಮಾಡತೊಡಗಿದಳು.

ಆ ಲೆಕ್ಕ ಹೀಗಿದೆ. ಹಿತ್ತಾಳೆಯು ಒಂದು ಡಿಗ್ರಿ ಸೆಂಟಿಗ್ರೇಡಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 19 ಭಾಗದಷ್ಟು ಹಿಗ್ಗುತ್ತದೆ. ಬೆಳಗಿನ 20 ಡಿಗ್ರಿಯಿಂದ ಬಿಸಿಲಿನ ಹಳಿಯ 55 ಡಿಗ್ರಿಗೆ ವ್ಯತ್ಯಾಸ 35 ಡಿಗ್ರಿ. 6 ಮೀಟರಿನ ನೇರದಾರಿ ಆಗ 4 ಮಿಲಿಮೀಟರ್ ಬೆಳೆಯುತ್ತದೆ. ಇಷ್ಟೇ ತಾನೆ ಎನ್ನಬೇಡಿ. ಎರಡು ತುದಿಗಳೂ ಕದಲದಿದ್ದರೆ ಈ 4 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ದಾರಿ ನಡುವೆ ಮಡಿಸಿ ಪಕ್ಕಕ್ಕೆ ಸರಿಯಿತೆಂದು ಭಾವಿಸೋಣ. ಆಗ 3000 ಮಿಲಿಮೀಟರ್ ಪಾದವೂ 3002 ಮಿಲಿಮೀಟರ್ ಕರ್ಣವೂ ಉಳ್ಳ ಲಂಬಕೋನ ತ್ರಿಭುಜ ಏರ್ಪಡುತ್ತದೆ. ಅದರ ಮೂರನೆಯ ಭುಜವನ್ನು ಲೆಕ್ಕ ಹಾಕಿದರೆ ಸುಮಾರು 110 ಮಿಲಿಮೀಟರ್ ಬರುವುದು! ಉದ್ದದಲ್ಲಿ ಕಣ್ಣಿಗೆ ಬೀಳದಷ್ಟು ಹೆಚ್ಚಳ, ಪಕ್ಕಕ್ಕೆ ಅರ್ಧ ಗೇಣಿಗೆ ಸಮೀಪದ ಬಾಗು. ಗಾರೆಯ ಹಿಡಿತವೂ ಜೋಡಣೆಗಳ ಸಡಿಲವೂ ಇದ್ದುದರಿಂದ ನಮ್ಮದು ಅಷ್ಟಕ್ಕೆ ಹೋಗಲಿಲ್ಲ. ಪರಿಹಾರ ಸುಲಭ: ಒಂದೊಂದು ಹಳಿಗೆ ಬೇಕಾದುದು 0.2 ಮಿಲಿಮೀಟರಿನ ಸಂದು. ದಪ್ಪ ಕಾಗದದ ಚೂರೊಂದನ್ನು ಜೋಡಣೆಯಲ್ಲಿಟ್ಟು ಕೂಡಿಸಿ ಆಮೇಲೆ ತೆಗೆದರಾಯಿತು. ಗಾರೆಯನ್ನು ಒಡೆದು ತೆಗೆದು, ನಿಜವಾದ ರೈಲುದಾರಿಯಂತೆ ಜಲ್ಲಿಯ ಮೇಲೆ ದಾರಿಯನ್ನು ಹಾಸಿದೆ. ಜಲ್ಲಿ ಹಿಡಿದೂ ಹಿಡಿಯುತ್ತದೆ, ನೀರನ್ನು ಕೆಳಗೆ ಬಿಟ್ಟೂ ಕೊಡುತ್ತದೆ.

ಹಳಿಗಳ ಮೂಲಕ ವಿದ್ಯುತ್ತನ್ನು ಕೊಡುವವರಿಗೆ ಈ ಜೋಡಣೆಗಳೇ ಶತ್ರುಗಳು. 28 ಮೀಟರಿನಲ್ಲಿ ಪ್ರತಿ ಹಳಿಗೂ ತೊಂಬತ್ತಕ್ಕಿಂತ ಹೆಚ್ಚು ಜೋಡಣೆಗಳಿವೆ. ಹೊಸದರಲ್ಲಿ ಅವುಗಳ ರೋಧ ಲೆಕ್ಕಕ್ಕಿಲ್ಲ. ಮಳೆಗಾಲ ಕಳೆದು ಕಿಲುಬು ಸೇರಿದ ಮೇಲೆ ಒಟ್ಟು ರೋಧ 2 ಓಮ್ ಆಯಿತೆನ್ನಿ. ಒಂದೂವರೆ ಆಂಪೇರ್ ಬಳಸುವ ಮೋಟಾರಿಗೆ 3 ವೋಲ್ಟು ದಾರಿಯಲ್ಲೇ ಸೋರಿಹೋಗುವುದು. ದೂರದ ತುದಿಯಲ್ಲಿ ಗಾಡಿ ಕುಂಟುವುದು ಇದರಿಂದಲೇ. ಅಲ್ಲಲ್ಲಿ ತಾಮ್ರದ ತಂತಿಯಿಂದ ಪೂರೈಕೆ ಕೊಟ್ಟರೆ ಸರಿಹೋಗುತ್ತದೆ. ಈಗ ಅನೇಕರು ಡಬ್ಬಿಯೊಳಗೇ ಬ್ಯಾಟರಿಯನ್ನಿಟ್ಟು ರೇಡಿಯೋ ಮೂಲಕ ನಿಯಂತ್ರಿಸುತ್ತಾರೆ. ಹಳಿಗೇ ವಿದ್ಯುತ್ತನ್ನು ಕೊಡುವುದಾದರೆ ಮನೆಯ 230 ವೋಲ್ಟಿನ ತಂತಿಯನ್ನು ತೋಟಕ್ಕೆ ಎಂದಿಗೂ ಎಳೆಯಬೇಡಿ. ಟ್ರಾನ್ಸ್‌ಫಾರ್ಮರು ಮನೆಯೊಳಗೇ ಇರಲಿ. 24 ವೋಲ್ಟನ್ನು ಮೀರದ ಏಕಮುಖ ಪ್ರವಾಹ ಮಾತ್ರ ಹೊರಗೆ ಬರಲಿ.

ನಿಜವಾದ ಉಗಿಯಿಂದಲೇ ಓಡುವ ಮಾದರಿಗಳೂ ಇವೆ. ಅವುಗಳ ಕಷ್ಟವೂ ಗೆಲಿಲಿಯೋ ಹೇಳಿದ್ದೇ. ಶಾಖ ನಷ್ಟವಾಗುವುದು ಮೇಲ್ಮೈಯಿಂದ, ಸಂಗ್ರಹವಾಗಿರುವುದು ನೀರಿನ ಗಾತ್ರದಲ್ಲಿ. ಪುಟ್ಟ ಬಾಯ್ಲರಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ 22.5 ಪಟ್ಟು ಹೆಚ್ಚು. ಉರಿ ಆರಿದೊಡನೆ ಉಗಿಯೂ ಮುಗಿಯಿತು. ಬಾಯ್ಲರನ್ನು ಮನೆಯಲ್ಲಿ ಬೆಸೆದು ಮಾಡುವ ಸಾಹಸ ಮಾತ್ರ ಯಾರಿಗೂ ಬೇಡ.

ಈಗ ಆ ಹುಡುಗಿಯ ಹೊಸ ಸಲಹೆಯೊಂದು ನನ್ನ ಮುಂದಿದೆ: ದಾರಿಯನ್ನು ಸುತ್ತು ಬಳಸುವ ಬದಲು ನೇರವಾಗಿ ಮಾವಿನಮರದವರೆಗೆ ಒಯ್ದು, ಮರವನ್ನು ಸುತ್ತಿಸಿ ಅದೇ ದಾರಿಗೆ ಮರಳಿ ಕೂಡಿಸುವುದು. ಎಡಹಳಿಯನ್ನು ಕೆಂಪು ಪೆನ್ಸಿಲಿನಿಂದಲೂ ಬಲಹಳಿಯನ್ನು ನೀಲಿಯಿಂದಲೂ ಬರೆಯುತ್ತ ಹೋಗಿ. ಮರವನ್ನು ಸುತ್ತಿ ಬಂದ ಕೆಂಪು ಗೆರೆ ನೀಲಿಯನ್ನೇ ಹೋಗಿ ಮುಟ್ಟುತ್ತದೆ. ಧನ ಋಣಗಳೆರಡೂ ನೇರವಾಗಿ ಕೂಡಿದರೆ ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ಸುತ್ತಿನ ಒಂದು ಭಾಗವನ್ನು ಎರಡು ಕಡೆಯೂ ಕತ್ತರಿಸಿ ಪ್ರತ್ಯೇಕಿಸಬೇಕು. ಗಾಡಿಯೆಲ್ಲವೂ ಅದರೊಳಗೆ ಹಿಡಿಯುವಷ್ಟು ಆ ಭಾಗ ಉದ್ದವಾಗಿರಬೇಕು. ಗಾಡಿ ಅಲ್ಲಿರುವಾಗ ಹೊರಗಿನ ನೇರದಾರಿಯ ಧನ ಋಣಗಳನ್ನು ಅದಲುಬದಲು ಮಾಡಬೇಕು. ಒಬ್ಬರೇ ಇದ್ದಾಗ ಇದನ್ನು ಸ್ವಿಚ್ಚಿನಿಂದ ಮಾಡುವುದೊ, ಗಾಡಿಯೇ ಮಾಡಿಕೊಳ್ಳುವಂತೆ ರಿಲೇಯೊಂದನ್ನು ಹೂಡುವುದೊ ಎಂಬುದು ಇನ್ನೂ ತೀರ್ಮಾನವಾಗಿಲ್ಲ.