ಸಿಡಿಯುವ ಶೀಸೆಗಳು

ಗೋಲಿ ಸೋಡದ ಶೀಸೆಯ ಗೋಲಿಯನ್ನು ಒತ್ತಿದೊಡನೆ ಅನಿಲವು ಬುಸ್ಸೆಂದು ಹೊರನುಗ್ಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಅನಿಲವನ್ನು ತುಂಬುವುದು ಯಂತ್ರ. ಎಲ್ಲಿ ನಿಲ್ಲಿಸಬೇಕೆಂಬುದು ಸೋಡ ತಯಾರಿಸುವವನಿಗೆ ಗೊತ್ತು. ಇಂಗ್ಲೆಂಡಿನ ಹೆರಿಫರ್ಡ್‌ಷೈರ್, ಸಾಮರ್‌ಸೆಟ್ ಮೊದಲಾದ ಸೇಬಿನ ಸೀಮೆಗಳಲ್ಲಿ ಮನೆಗಳಲ್ಲಿಯೇ ಸಿದ್ಧವಾಗುವ 'ಸೈಡರ್' ಎಂಬ ಪಾನೀಯದ ಕಥೆ ಬೇರೆ. ಅದರ ಶೀಸೆಗೆ ಅನಿಲವನ್ನು ತುಂಬುವವು ಬರಿಗಣ್ಣಿಗೆ ಕಾಣದ ಯೀಸ್ಟ್ ಜೀವಿಗಳು. ಸಕ್ಕರೆ ಇರುವವರೆಗೂ ಅವು ತಮ್ಮ ಕೆಲಸವನ್ನು ಸುಲಭವಾಗಿ ಬಿಡುವುದಿಲ್ಲ. ಗಾಜು ಸೋತರೆ ಅದರ ಚೂರುಗಳು ಕಣ್ಣನ್ನೇ ಕಳೆಯಬಲ್ಲವು.

ಯೀಸ್ಟ್ ಸೇಬಿನ ರಸದ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಒಡೆಯುತ್ತದೆ. ಪೀಪಾಯಿಯಲ್ಲಿರುವಾಗ ಈ ಅನಿಲವು ಹೊರಕ್ಕೆ ಹೋಗುತ್ತದೆ. ಹುದುಗುವಿಕೆ ಮುಗಿಯುವ ಮುನ್ನವೇ ರಸವನ್ನು ಶೀಸೆಗೆ ತುಂಬಿ ಮುಚ್ಚಳವನ್ನು ಬಿಗಿದರೆ, ಅಥವಾ ನೊರೆ ಬರಲೆಂದು ಸೇರಿಸಿದ ಸಕ್ಕರೆ ಅಳತೆ ಮೀರಿದರೆ, ಅನಿಲವು ಅಲ್ಲಿಯೇ ಸೆರೆಯಾಗುತ್ತದೆ. 4 ಗ್ರಾಂ ಸಕ್ಕರೆಯಿಂದ ಹುಟ್ಟುವ ಅನಿಲ ಸುಮಾರು 1 ಲೀಟರ್. ಅಂದಮೇಲೆ 16 ಗ್ರಾಂ ಸಕ್ಕರೆ ಉಳಿದ ಒಂದು ಲೀಟರಿನ ಶೀಸೆಯಲ್ಲಿ 4 ಲೀಟರ್ ಅನಿಲವು ಅಡಗಬೇಕಾಗುತ್ತದೆ!

ಅದು ಅಡಗುವುದೆಲ್ಲಿ? ಬಹುಪಾಲು ದ್ರವದಲ್ಲಿಯೇ ಕರಗಿರುತ್ತದೆ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಮೇಲಿನ ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆಂದು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದನು. ಉಷ್ಣತೆ ಇಳಿದಷ್ಟೂ ಅನಿಲವು ಹೆಚ್ಚು ಕರಗುತ್ತದೆ. ಸೈಡರನ್ನು ನೀರೆಂದೇ ಭಾವಿಸಿ ನಮ್ಮ 4 ಲೀಟರ್ ಅನಿಲದ ಲೆಕ್ಕವನ್ನು ಹಾಕೋಣ. 30° ಸೆಂಟಿಗ್ರೇಡಿನಲ್ಲಿ ಶೀಸೆಯೊಳಗಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 6 ಪಟ್ಟು, 20°ಯಲ್ಲಿ ನಾಲ್ಕೂವರೆ ಪಟ್ಟು, 0°ಯಲ್ಲಿ 2.3 ಪಟ್ಟು ಮಾತ್ರ. ಹೊರಗಿನ ವಾಯುವಿನ ಒಂದು ಪಟ್ಟನ್ನು ಕಳೆದರೆ, ಗಾಜನ್ನು ಹೊರಕ್ಕೆ ನೂಕುವ ಬಲವು ಶೀತದಲ್ಲಿ ಸುಮಾರು ಕಾಲುಭಾಗಕ್ಕೆ ಇಳಿದಂತಾಯಿತು. ಶೀಸೆಯನ್ನು ಪಳಗಿಸುವ ಉಪಾಯವೆಲ್ಲ ಈ ಒಂದು ಸಂಗತಿಯಲ್ಲಿದೆ.

ಆದುದರಿಂದ ಶಂಕೆ ಬಂದ ಶೀಸೆಯನ್ನು ತೆರೆಯುವ ಮೊದಲು ತಣಿಸಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ದಪ್ಪ ಗವಸು ಇಲ್ಲದೆ ಅದನ್ನು ಮುಟ್ಟಲಾಗದು. ದಪ್ಪ ಬಟ್ಟೆಯನ್ನು ಸುತ್ತಿ, ಅಲುಗಿಸದೆ ಒಯ್ದು, ಶೈತ್ಯಪೆಟ್ಟಿಗೆಯಲ್ಲಿ ಒಂದು ದಿನವಿಡೀ ಇರಿಸಬೇಕು. ಹೆಪ್ಪುಗಟ್ಟಲು ಮಾತ್ರ ಬಿಡಬಾರದು: ಮಂಜುಗಡ್ಡೆ ಹಿಗ್ಗಿ ಶೀಸೆಯನ್ನು ಒಡೆದೀತು. ಬಳಿಕ ಬೋಗುಣಿಯಲ್ಲಿಟ್ಟು, ಬಟ್ಟೆಯನ್ನು ತೆಗೆಯದೆ, ಮುಚ್ಚಳದ ಅಂಚನ್ನು ಸ್ವಲ್ಪವೇ ಎತ್ತಿ, 'ಸುಯ್' ಎಂಬ ಸದ್ದು ಕೇಳಿದೊಡನೆ ನೊರೆ ಏರುವ ಮುನ್ನ ಮತ್ತೆ ಅದುಮಬೇಕು. ಕರಗಿದ ಅನಿಲವು ನಿಧಾನವಾಗಿ ಮೇಲೇರುವುದರಿಂದ ಕೆಲವು ಗಂಟೆಗಳ ತರುವಾಯ ಇದನ್ನೇ ಪುನಃ ಮಾಡಬೇಕು. ಆತುರದಿಂದ ಪೂರ್ತಿ ತೆರೆದರೆ, ತಳದ ಮಡ್ಡಿಯ ಕಣಗಳು ಗುಳ್ಳೆಗಳಿಗೆ ನೆಲೆಯಾಗಿ, ಪಾನೀಯವೆಲ್ಲ ನೊರೆಯಾಗಿ ಚಾವಣಿಗೆ ಚಿಮ್ಮುವುದುಂಟು.

ಇಷ್ಟಾದರೂ ಕಾರಣವು ನಿವಾರಣೆಯಾಗಿಲ್ಲ. ಸಕ್ಕರೆಯೂ ಯೀಸ್ಟೂ ಉಳಿದಿದ್ದರೆ ಒತ್ತಡ ಮತ್ತೆ ಏರುವುದು. ಅಂಥ ಶೀಸೆಯನ್ನು ಶೀತದಲ್ಲಿಯೇ ಇರಿಸಿ ಬೇಗ ಮುಗಿಸಬೇಕು. ಇಲ್ಲವೆ ರಸವನ್ನು ಪಾತ್ರೆಗೆ ಸುರಿದು ಹುದುಗುವಿಕೆಯನ್ನು ಪೂರೈಸಬೇಕು.

ಎಲ್ಲಕ್ಕಿಂತ ಉತ್ತಮವಾದುದು ಮುನ್ನೆಚ್ಚರಿಕೆ. ಹೈಡ್ರೊಮೀಟರಿನಲ್ಲಿ ವಿಶಿಷ್ಟ ಗುರುತ್ವವು 0.001ರಷ್ಟು ಇಳಿದರೆ ಲೀಟರಿಗೆ ಸುಮಾರು 2 ಗ್ರಾಂ ಸಕ್ಕರೆ ಕರಗಿಹೋಯಿತೆಂದೂ, ಅರ್ಧ ಲೀಟರ್ ಅನಿಲ ಹುಟ್ಟಿತೆಂದೂ ತಿಳಿಯಬೇಕು. ಹಲವು ದಿನ ಅಂಕಿ ಕದಲದೆ ನಿಂತ ಮೇಲೆಯೇ ಶೀಸೆಗೆ ತುಂಬುವುದು ಕ್ಷೇಮ. ಗಾಜಿನ ಶೀಸೆಗಳೊಂದಿಗೆ ಪ್ಲಾಸ್ಟಿಕ್ ಸೋಡ ಶೀಸೆಯೊಂದನ್ನೂ ತುಂಬಿಡುವವರಿದ್ದಾರೆ. ಅದು ಕಲ್ಲಿನಂತೆ ಗಟ್ಟಿಯಾದರೆ ಉಳಿದವುಗಳ ಸ್ಥಿತಿಯೂ ತಿಳಿಯುತ್ತದೆ.

17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಾಜುಗಾರರು ಕಲ್ಲಿದ್ದಲ ಕುಲುಮೆಗಳಲ್ಲಿ ಬಲವಾದ ಶೀಸೆಗಳನ್ನು ಮಾಡಲು ಕಲಿತರು. ನೊರೆಯುಕ್ಕುವ ಸೈಡರನ್ನು ಶೀಸೆಯಲ್ಲಿ ಹಿಡಿದಿಡಲು ಸಾಧ್ಯವಾದುದು ಅದರಿಂದಲೇ. ಆದರೆ ಎಷ್ಟೇ ದಪ್ಪನೆಯ ಗಾಜಿಗೂ ಒಂದು ಮಿತಿಯುಂಟು. ಆ ಮಿತಿಯನ್ನು ಗಾಜು ಒಡೆದು ತಿಳಿಸುವ ಮೊದಲು ನಾವು ಲೆಕ್ಕಹಾಕಿ ತಿಳಿದುಕೊಳ್ಳುವುದೇ ಲೇಸು.