ಆಕಾಶಗಂಗೆಯ ನಡುವಿನ ಬೆಳಕು

ನಮ್ಮ ಆಕಾಶಗಂಗೆಯ ಕೇಂದ್ರಭಾಗದಿಂದ ಬರುವ ಗಾಮಾ ಕಿರಣಗಳು ಲೆಕ್ಕಕ್ಕಿಂತ ಹೆಚ್ಚಾಗಿರುವುವೆಂಬ ಸಂಗತಿಯು 2009ರಲ್ಲಿ ಬೆಳಕಿಗೆ ಬಂದಿತು. ಹಿಂದಿನ ವರ್ಷ ಗಗನಕ್ಕೇರಿದ್ದ ಫರ್ಮಿ ದೂರದರ್ಶಕವೇ ಅದಕ್ಕೆ ಸಾಕ್ಷಿ. ಈ ಹೆಚ್ಚಳವು ಯಾರ ಖಾತೆಗೆ ಸೇರತಕ್ಕದ್ದು? ವಿಶ್ವದ ದ್ರವ್ಯದಲ್ಲಿ ಸುಮಾರು ಆರರಲ್ಲಿ ಐದು ಪಾಲಾದರೂ ಇದುವರೆಗೆ ಕೈಗೆ ಸಿಕ್ಕದ ‘ಕಪ್ಪು ದ್ರವ್ಯ’ದ್ದೆಂದು ಒಂದು ಪಕ್ಷ, ಅತಿವೇಗದಿಂದ ತಿರುಗುವ ನ್ಯೂಟ್ರಾನ್ ತಾರೆಗಳದ್ದೆಂದು ಇನ್ನೊಂದು ಪಕ್ಷ.

ಸೂರ್ಯನಿಗಿಂತ ಹೆಚ್ಚಿನ ದ್ರವ್ಯವು ಇಪ್ಪತ್ತು ಕಿಲೋಮೀಟರುಗಳಷ್ಟು ವ್ಯಾಸದ ಗೋಲದಲ್ಲಿ ಅಡಕವಾದರೆ ಅದೇ ನ್ಯೂಟ್ರಾನ್ ತಾರೆ. ಮುಪ್ಪಿನಲ್ಲಿ ಜೊತೆಯ ತಾರೆಯಿಂದ ದ್ರವ್ಯವನ್ನು ಸೆಳೆದುಕೊಂಡು ಅದು ಮರಳಿ ವೇಗ ಪಡೆಯುವುದುಂಟು. ಆ ತಿರುಗಾಟದ ಶಕ್ತಿಯೇ ಪ್ರಬಲವಾದ ಕಾಂತಕ್ಷೇತ್ರದ ಮೂಲಕ ಗಾಮಾ ಕಿರಣವಾಗಿ ಹೊಮ್ಮುವುದು. ಇಂಥ ಮೊದಲನೆಯ ತಾರೆಯು 1982ರಲ್ಲಿ ಅರೆಸಿಬೋದಲ್ಲಿ ಪತ್ತೆಯಾಯಿತು. ಅದು ಸೆಕೆಂಡಿಗೆ ಸುಮಾರು 642 ಸುತ್ತು ತಿರುಗುವುದು. ಡೊನಾಲ್ಡ್ ಬ್ಯಾಕರರ ಆ ತಂಡದಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರೂ ಇದ್ದರೆಂಬುದು ನಮಗೆ ಅಭಿಮಾನದ ಮಾತು.

ಇಂಥ ತಾರೆಗಳು ಇಪ್ಪತ್ತಕ್ಕೂ ಮಿಕ್ಕಿರುವ ‘47 ಟುಕಾನೆ’ ತಾರಾಗುಚ್ಛದಿಂದಲೂ ಗಾಮಾ ಕಿರಣಗಳು ಬರುವುದನ್ನು ಫರ್ಮಿ ಕಂಡಿದೆ. ಆದುದರಿಂದ ಎರಡನೆಯ ಪಕ್ಷದ ವಾದವು ಬರಿಯ ಊಹೆಯಲ್ಲ. ಆದರೆ ಕೇಂದ್ರಭಾಗದಲ್ಲಿ ಬೇಕಾದಷ್ಟು ತಾರೆಗಳನ್ನು ಒಂದೊಂದಾಗಿ ಎಣಿಸಿ ತೋರಿಸುವ ಕಾರ್ಯವು ಇನ್ನೂ ಉಳಿದಿದೆ.

ಅರಿಯದುದನ್ನು ಕಂಡೆವೆಂದು ಸಾರುವ ಮೊದಲು ಅರಿತುದರ ಲೆಕ್ಕವನ್ನು ಮುಗಿಸತಕ್ಕದ್ದೆಂದು ನಮ್ಮ ಅಭಿಪ್ರಾಯ. ಎಣಿಕೆಯು ಮುಗಿಯದೆ ತೀರ್ಪು ಕೊಡುವುದು ಯಾವ ಪಕ್ಷಕ್ಕೂ ನ್ಯಾಯವಲ್ಲ. ಕಪ್ಪು ದ್ರವ್ಯದ ಮೊದಲ ದರ್ಶನವು ಆಗುವುದೇ ಆದರೆ, ಅದು ಅವಸರದ ದರ್ಶನವಾಗದಿರಲಿ.