ಕ್ಯಾಲ್ವಿನ್ ಮತ್ತು ಹಾಬ್ಸ್: ಎರಡು ವಯಸ್ಸಿನ ಓದು

ಆರು ವರ್ಷದ ತುಂಟ ಕ್ಯಾಲ್ವಿನ್, ಅವನ ಜತೆಗಾರ ಬಟ್ಟೆಯ ಹುಲಿ ಹಾಬ್ಸ್. ಬಿಲ್ ವಾಟರ್ಸನ್ ಬರೆದು ಚಿತ್ರಿಸಿದ ಇವರ ಕಾಮಿಕ್ಸ್ ಅಮೆರಿಕದ ದಿನಪತ್ರಿಕೆಗಳಲ್ಲಿ 1985ರ ನವೆಂಬರ್ 18ರಂದು ಶುರುವಾಗಿ 1995ರ ಡಿಸೆಂಬರ್ 31ರಂದು ನಿಂತಿತು. ಆ ಹೊತ್ತಿಗೆ ಅದು 2,400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. 2005ರಲ್ಲಿ ಇಡೀ ಸರಣಿ ಮೂರು ಸಂಪುಟಗಳಲ್ಲಿ ಬಂದಾಗ, ಚಿಕ್ಕಂದಿನಲ್ಲಿ ದಿನಕ್ಕೊಂದು ಕಂತು ಓದಿದ್ದವರಿಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅವಕಾಶ ಸಿಕ್ಕಿತು.

ಈ ಕಾಮಿಕ್ಸ್‌ನ ಜೀವ ಒಂದು ಸರಳ ಏರ್ಪಾಡಿನಲ್ಲಿದೆ. ಕ್ಯಾಲ್ವಿನ್ ಒಬ್ಬನೇ ಇದ್ದಾಗ ಹಾಬ್ಸ್ ಮಾತಾಡುತ್ತದೆ, ಜಗಳ ತೆಗೆಯುತ್ತದೆ, ಮೈಮೇಲೆ ಎಗರುತ್ತದೆ. ಬೇರೆಯವರು ಬಂದರೆ ಅದು ಬರೀ ಗೊಂಬೆ. ಎರಡರಲ್ಲಿ ಯಾವುದು ನಿಜವೆಂದು ವಾಟರ್ಸನ್ ತೀರ್ಪು ಕೊಡುವುದಿಲ್ಲ. ಓದುವ ಮಗುವಿಗೆ ಹುಲಿಯೇ ನಿಜ. ಅದೇ ಮಗು ಬೆಳೆದು ಓದಿದಾಗ ಗೊಂಬೆಯೂ ಕಾಣುತ್ತದೆ, ಗೊಂಬೆಗೆ ಜೀವ ತುಂಬಿದ ಹುಡುಗನ ಒಂಟಿತನವೂ ಕಾಣುತ್ತದೆ.

ಮರು ಓದಿನಲ್ಲಿ ಹೆಚ್ಚು ಬದಲಾಗುವವರು ಅಪ್ಪ ಅಮ್ಮ. ಅವರಿಗೆ ಹೆಸರೇ ಇಲ್ಲ. ಕ್ಯಾಲ್ವಿನ್‌ಗೆ ಅವರು ಅಪ್ಪ ಅಮ್ಮ, ಅಷ್ಟೇ. ಮನೆಗೆ ಕಳ್ಳರು ನುಗ್ಗುವ ಕಥೆಯನ್ನೇ ನೋಡಬಹುದು. ಮದುವೆಗೆಂದು ಊರಿಗೆ ಹೋದ ಕುಟುಂಬ ಹಾಬ್ಸ್‌ನನ್ನು ಮನೆಯಲ್ಲೇ ಮರೆತಿರುತ್ತದೆ. ವಾಪಸು ಬಂದರೆ ಕಳ್ಳತನವಾಗಿದೆ. ಹುಲಿ ಸಿಕ್ಕಿದ ಕೂಡಲೇ ಕ್ಯಾಲ್ವಿನ್ ನಿರಾಳ. ಓದುವ ಮಕ್ಕಳಿಗೂ ಕಥೆ ಅಲ್ಲಿಗೆ ಮುಗಿದಂತೆ. ಆದರೆ ವಾಟರ್ಸನ್ ಮುಂದಿನ ಕಂತುಗಳಲ್ಲಿ ನಿದ್ದೆ ಬಾರದೆ ಮಲಗಿರುವ ಗಂಡ ಹೆಂಡಿರನ್ನು ತೋರಿಸುತ್ತಾರೆ. ದೊಡ್ಡವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಚಿಕ್ಕವನಿದ್ದಾಗ ನಂಬಿದ್ದ ಅಪ್ಪ, ಈಗ ತಾನೇ ದಿಕ್ಕು ತೋಚದೆ ಕತ್ತಲಲ್ಲಿ ಎಚ್ಚರವಾಗಿದ್ದಾನೆ. ಸ್ವಂತ ಮನೆ, ಮಕ್ಕಳು ಇರುವ ಓದುಗರು ಈ ಪುಟದಲ್ಲಿ ತಮ್ಮನ್ನೇ ಕಾಣುತ್ತಾರೆ.

ಕಾಮಿಕ್ಸ್ ಹಳತಾಗದಿರಲು ಅದರ ಕರ್ತೃವಿನ ಹಟವೂ ಕಾರಣ. ಪಾತ್ರಗಳನ್ನು ಗೊಂಬೆ, ಅಂಗಿ, ಕಾರ್ಟೂನ್ ಸಿನಿಮಾಗಳಾಗಿ ಮಾರಲು ವಾಟರ್ಸನ್ ಒಪ್ಪಲಿಲ್ಲ. ಭಾನುವಾರದ ಬಣ್ಣದ ಕಂತಿಗೆ ಕತ್ತರಿ ಬೀಳದ ಅರ್ಧ ಪುಟ ಬೇಕೆಂದು ಪಟ್ಟು ಹಿಡಿದು ಪಡೆದರು. ಜನಪ್ರಿಯತೆ ಕುಗ್ಗುವ ಮುಂಚೆಯೇ ನಿಲ್ಲಿಸಿದರು. ಹಾಗಾಗಿ ಹಾಬ್ಸ್‌ಗೆ ಯಾವ ನಟನ ದನಿಯೂ ಅಂಟಿಕೊಂಡಿಲ್ಲ. ಪ್ರತಿ ಓದುಗರೂ ಬಾಲ್ಯದಲ್ಲಿ ತಾವೇ ಅದಕ್ಕೆ ಕೊಟ್ಟ ದನಿಯಲ್ಲಿ ಇಂದೂ ಅದನ್ನು ಓದಬಹುದು.